ಮೈಕು ಬೀರುವಿನಲ್ಲಿ, ಕಿವಿ ಎಲ್ಲಿ?

ಕಳೆದ ವರ್ಷ ಕಾಲೇಜೊಂದರ ಹೊಸ ಧ್ವನಿಮುದ್ರಣ ಕೊಠಡಿಯ ಉದ್ಘಾಟನೆಗೆ ನನ್ನನ್ನು ಕರೆದಿದ್ದರು. ದೀಪ ಬೆಳಗಿಸಿ, ಹಾರ ಹಾಕಿಸಿಕೊಂಡು ಒಳಗೆ ಹೋದರೆ ಗಾಜಿನ ಬೀರುವಿನಲ್ಲಿ ದುಬಾರಿ ಮೈಕುಗಳು ಸಾಲಾಗಿ ಕುಳಿತಿದ್ದವು. ಬೀರುವಿಗೆ ಬೀಗ ಹಾಕಿತ್ತು. ವಿದ್ಯಾರ್ಥಿಗಳು ಇವನ್ನು ಯಾವಾಗ ಬಳಸುತ್ತಾರೆ ಎಂದು ಕೇಳಿದೆ. ಕೀಲಿಕೈ ಪ್ರಾಂಶುಪಾಲರ ಬಳಿ ಇರುತ್ತದೆ, ಲಿಖಿತ ಅರ್ಜಿ ಕೊಟ್ಟರೆ ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಮನೆಗೆ ಮರಳುವಾಗ ದಾರಿಯುದ್ದಕ್ಕೂ ನನಗೆ ನೆನಪಾಗುತ್ತಿದ್ದವರು ಡೆಲಿಯಾ ಡರ್ಬಿಶೈರ್.

ಈ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಆದರೆ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿ ನೋಡಿದವರ ಕಿವಿಯಲ್ಲಿ ಆಕೆ ಸೃಷ್ಟಿಸಿದ ಸದ್ದು ಖಂಡಿತ ಉಳಿದಿರುತ್ತದೆ. 1937ರಲ್ಲಿ ಕವೆಂಟ್ರಿಯಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಗಣಿತ ಮತ್ತು ಸಂಗೀತ ಓದಿದ ಈಕೆ 1959ರಲ್ಲಿ ಡೆಕ್ಕಾ ಕಂಪನಿಯಲ್ಲಿ ಕೆಲಸ ಕೇಳಿದಾಗ, ಸ್ಟುಡಿಯೊ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲವೆಂದು ಹೇಳಿ ಕಳಿಸಿದರು. 1962ರಲ್ಲಿ ಆಕೆ ಸೇರಿದ್ದು ಲಂಡನ್ನಿನ ಮೈಡಾ ವೇಲ್‌ನಲ್ಲಿದ್ದ ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್‌ಗೆ. 1958ರಲ್ಲಿ ಈ ವಿಭಾಗ ಆರಂಭವಾದಾಗ ಅದರ ಬಂಡವಾಳವೆಂದರೆ ಬೇರೆ ವಿಭಾಗಗಳು ಬೇಡವೆಂದು ಬಿಟ್ಟ ಹಳೆಯ ಸಲಕರಣೆಗಳು.

1963ರಲ್ಲಿ ‘ಡಾಕ್ಟರ್ ಹೂ’ ಶೀರ್ಷಿಕೆ ಸಂಗೀತದ ಸ್ವರಲಿಪಿಯನ್ನು ರಾನ್ ಗ್ರೇನರ್ ಬರೆದುಕೊಟ್ಟರು. ಸಿಂಥಸೈಜರ್ ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಡರ್ಬಿಶೈರ್ ಮತ್ತು ಸಹಾಯಕ ಡಿಕ್ ಮಿಲ್ಸ್ ಬಿಗಿದ ಒಂದು ತಂತಿಯನ್ನು ಮೀಟಿ, ಆ ಸದ್ದನ್ನು ಟೇಪಿನಲ್ಲಿ ಹಿಡಿದರು. ಟೇಪು ವೇಗವಾಗಿ ಓಡಿದರೆ ಶ್ರುತಿ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಹೀಗೆ ಒಂದೇ ಮೀಟಿನಿಂದ ಮಂದ್ರದ ಸ್ವರಗಳನ್ನೆಲ್ಲ ಪಡೆದು, ಪ್ರತಿ ಸ್ವರಕ್ಕೂ ಬೇಕಾದಷ್ಟು ಉದ್ದದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತ ಹೋದರು. ಮೇಲಿನ ರಾಗಕ್ಕೆ, ಎಂಜಿನಿಯರುಗಳು ಉಪಕರಣಗಳ ಪರೀಕ್ಷೆಗೆ ಇಟ್ಟುಕೊಂಡಿದ್ದ ಆಸಿಲೇಟರುಗಳೇ ವಾದ್ಯ. ಹಲವು ಟ್ರ್ಯಾಕುಗಳನ್ನು ಒಟ್ಟಿಗೆ ಮುದ್ರಿಸುವ ಯಂತ್ರವಿರಲಿಲ್ಲ. ಬೇರೆ ಬೇರೆ ಟೇಪ್ ರೆಕಾರ್ಡರುಗಳ ಗುಂಡಿಯನ್ನು ಏಕಕಾಲಕ್ಕೆ ಒತ್ತಿ, ಅವು ಜೊತೆಯಾಗಿ ಓಡಲೆಂದು ಹಾರೈಸಬೇಕಿತ್ತು. ಎಲ್ಲೋ ಒಂದು ಸ್ವರ ಹೊಂದಿಕೆ ತಪ್ಪಿತು. ಟೇಪುಗಳನ್ನು ಕಟ್ಟಡದ ಕಾರಿಡಾರಿನಲ್ಲಿ ಅಕ್ಕಪಕ್ಕ ಬಿಚ್ಚಿ ಹಾಸಿ, ಅಂಟಿಸಿದ ಗುರುತು ಎಲ್ಲಿ ಹೊಂದುತ್ತಿಲ್ಲವೆಂದು ನಡೆಯುತ್ತ ಹುಡುಕಿದರಂತೆ. ಸಂಗೀತದ ತಪ್ಪನ್ನು ಕಾಲ್ನಡಿಗೆಯಲ್ಲಿ ಪತ್ತೆ ಮಾಡಿದ ಇನ್ನೊಂದು ಪ್ರಸಂಗವನ್ನು ನಾನು ಕೇಳಿಲ್ಲ.

ಆಕೆಗೆ ಪ್ರಿಯವಾಗಿದ್ದ ‘ವಾದ್ಯ’ಗಳಲ್ಲಿ ಒಂದು ಹಸಿರು ಬಣ್ಣದ ಲೋಹದ ಲ್ಯಾಂಪ್‌ಶೇಡ್. ಸಹಾರಾದ ತುವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕಾಗಿ ಅದನ್ನು ಬಡಿದು, ಮುದ್ರಿಸಿ, ಪೆಟ್ಟಿನ ಸದ್ದನ್ನು ತೆಗೆದುಹಾಕಿ ಅನುರಣನವನ್ನಷ್ಟೇ ಉಳಿಸಿಕೊಂಡರು. ದೇವಸ್ಥಾನದ ಗಂಟೆಯಲ್ಲಿ ಹೊಡೆತವೇ ಕೇಳಿಸದೆ ಬರೀ ಗುಂಯ್‌ಗುಡುವಿಕೆ ಕೇಳಿಸಿದರೆ ಹೇಗಿರಬಹುದೆಂದು ಓದುಗರು ಊಹಿಸಿಕೊಳ್ಳಬೇಕು.

ಇಂಥ ಕತೆಗಳಿಗೆ ಸಭೆಗಳಲ್ಲಿ ಚಪ್ಪಾಳೆ ಬೀಳುತ್ತದೆ. ಎಲ್ಲರಿಗಿಂತ ಜೋರಾಗಿ ತಟ್ಟುವವರು ಆಡಳಿತ ಮಂಡಳಿಯವರು. ಪ್ರತಿಭೆಯಿದ್ದರೆ ಸಾಕು, ಸಲಕರಣೆ ಯಾಕೆ, ಅನುದಾನ ಯಾಕೆ ಎಂಬುದು ಅವರಿಗೆ ಕೇಳಿಸುವ ನೀತಿ. ನನ್ನ ತಕರಾರು ಇರುವುದು ಇಲ್ಲೇ. ಡರ್ಬಿಶೈರ್ ಬಳಿ ಒಳ್ಳೆಯ ಯಂತ್ರಗಳಿರಲಿಲ್ಲ, ನಿಜ. ಆದರೆ ತಿಂಗಳ ಸಂಬಳವಿತ್ತು. ರಾತ್ರಿಯಿಡೀ ಕೆಲಸ ಮಾಡಬಹುದಾದ ಕೋಣೆಯಿತ್ತು. ಕಾರಿಡಾರಿನಲ್ಲಿ ಜೊತೆಗೆ ಬಗ್ಗಿ ಟೇಪು ನೋಡಲು ಒಬ್ಬ ಸಹೋದ್ಯೋಗಿ ಇದ್ದ. ಬಡತನ ಪ್ರತಿಭೆಯನ್ನು ಹುಟ್ಟಿಸುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ತೊಂಬತ್ತರ ದಶಕದಲ್ಲಿ, ಪ್ರತಿ ವಿಭಾಗವೂ ತನ್ನ ಖರ್ಚನ್ನು ತಾನೇ ದುಡಿಯಬೇಕೆಂಬ ಲೆಕ್ಕಾಚಾರ ಬಿಬಿಸಿಗೂ ಬಂತು. 1998ರಲ್ಲಿ ವರ್ಕ್‌ಶಾಪ್ ಮುಚ್ಚಿತು. ಆ ಹೊತ್ತಿಗೆ ಅಲ್ಲಿ ಯಂತ್ರಗಳಿಗೇನೂ ಕೊರತೆಯಿರಲಿಲ್ಲ.

ಸಂಸ್ಥೆ ಆಕೆಗೆ ಕೊಡದೆ ಉಳಿಸಿಕೊಂಡದ್ದು ಹೆಸರನ್ನು. ತಾನು ಬರೆದುಕೊಟ್ಟ ಗೆರೆಗಳು ಏನಾಗಿ ಮರಳಿವೆ ಎಂದು ಕೇಳಿ ಬೆರಗಾದ ಗ್ರೇನರ್, ಶ್ರೇಯಸ್ಸು ಮತ್ತು ರಾಯಲ್ಟಿಯಲ್ಲಿ ಆಕೆಗೂ ಪಾಲು ಸಿಗಲೆಂದು ಬಯಸಿದರು. ವರ್ಕ್‌ಶಾಪ್ ನೌಕರರು ಹೆಸರಿಲ್ಲದೆ ದುಡಿಯಬೇಕೆಂಬುದು ಬಿಬಿಸಿಯ ನಿಯಮವಾಗಿತ್ತು. ಅದು ಒಪ್ಪಲಿಲ್ಲ. 1973ರಲ್ಲಿ ಆಕೆ ಬಿಬಿಸಿ ಬಿಟ್ಟರು, 2001ರಲ್ಲಿ ತೀರಿಕೊಂಡರು. ಧಾರಾವಾಹಿಯ ಪರದೆಯ ಮೇಲೆ ಆ ಸಂಗೀತಕ್ಕಾಗಿ ಆಕೆಯ ಹೆಸರು ಮೂಡಿದ್ದು 2013ರಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ.

ಉದ್ಘಾಟನೆಯ ದಿನ ವೇದಿಕೆಯಲ್ಲಿ ಇದನ್ನೆಲ್ಲ ಹೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಪ್ರಾಂಶುಪಾಲರಿಗೆ ಪತ್ರ ಬರೆದೆ: ಬೀರುವಿನ ಕೀಲಿಯನ್ನು ಮಕ್ಕಳ ಕೈಗೆ ಕೊಡಿ, ಒಂದೆರಡು ಮೈಕು ಕೆಟ್ಟರೂ ಕೆಡಲಿ, ಸಂಜೆ ಐದರ ಮೇಲೂ ಕೋಣೆ ತೆರೆದಿರಲಿ, ಅಲ್ಲಿ ತಯಾರಾದುದರ ಮೇಲೆ ಮಾಡಿದವರ ಹೆಸರಿರಲಿ. ಪತ್ರವನ್ನು ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು ಎಂಬ ಎರಡು ಸಾಲಿನ ಉತ್ತರ ಬಂದಿದೆ.