ಸತ್ತ ಮೀನಿನ ಮೆದುಳು

ಮಾನವನು ಆಲೋಚಿಸುವಾಗ ಅವನ ಮೆದುಳಿನ ಯಾವ ಭಾಗ ದುಡಿಯುತ್ತದೆಯೋ ಆ ಭಾಗಕ್ಕೆ ಆಮ್ಲಜನಕಯುಕ್ತ ರಕ್ತವು ಹೆಚ್ಚಾಗಿ ಹರಿಯುತ್ತದೆ. ಆಮ್ಲಜನಕವುಳ್ಳ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಕಾಂತಗುಣದಲ್ಲಿ ಭೇದವಿದೆ. ಈ ಅಲ್ಪ ಭೇದವನ್ನು ಎಂ.ಆರ್.ಐ. ಯಂತ್ರದಿಂದ ಗುರುತಿಸುವ ವಿಧಾನವು 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳ ಕೈಗೆ ಬಂದಿತು. ಕೆಂಪು ಹಳದಿ ಬಣ್ಣಗಳಿಂದ ಬೆಳಗುವ ಮೆದುಳಿನ ಚಿತ್ರಗಳು ಇದರ ಫಲ. ಆದರೆ ಅವು ಛಾಯಾಚಿತ್ರಗಳಲ್ಲ, ಲೆಕ್ಕದ ಉತ್ತರಗಳು. ಮೆದುಳನ್ನು ಸಹಸ್ರಾರು ಪುಟ್ಟ ಘನಗಳಾಗಿ ವಿಂಗಡಿಸಿ, ಪ್ರತಿಯೊಂದು ಘನವೂ ಚಟುವಟಿಕೆಯಿಂದಿತ್ತೆ ಎಂದು ಗಣಕಯಂತ್ರವು ಪ್ರತ್ಯೇಕವಾಗಿ ಪರೀಕ್ಷಿಸುತ್ತದೆ.

2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಈ ಯಂತ್ರದೊಳಗಿರಿಸಿ, ಮನುಷ್ಯರ ಚಿತ್ರಗಳನ್ನು ತೋರಿಸಿ, ಅವರ ಮನಸ್ಸಿನ ಭಾವವೇನೆಂದು ಕೇಳಿದರು! ಮೀನು ಉತ್ತರಿಸಲಿಲ್ಲ, ಲೆಕ್ಕ ಮಾತ್ರ ಅದರ ಮೆದುಳಿನ ಕೆಲವು ಘನಗಳು ‘ಚಟುವಟಿಕೆಯಿಂದಿವೆ’ ಎಂದಿತು. ಇದರಲ್ಲಿ ಪವಾಡವೇನೂ ಇಲ್ಲ. ಸಾವಿರ ಮಂದಿ ತಲಾ ಹತ್ತು ಬಾರಿ ನಾಣ್ಯ ಚಿಮ್ಮಿದರೆ ಯಾರೋ ಒಬ್ಬರಿಗೆ ಹತ್ತೂ ಬಾರಿ ಒಂದೇ ಮುಖ ಬೀಳುವುದು ಸಹಜ. ಪರೀಕ್ಷೆಗಳ ಸಂಖ್ಯೆಗೆ ತಕ್ಕ ತಿದ್ದುಪಡಿ ಮಾಡಿದೊಡನೆ ಮೀನಿನ ಚಟುವಟಿಕೆ ಮಾಯವಾಯಿತು.

ತಿದ್ದುಪಡಿಯೇ ತಪ್ಪಿದರೆ? ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಚಲಿತ ಗಣಕವಿಧಾನಗಳಲ್ಲಿ ಶೇಕಡಾ 5 ಇರಬೇಕಾದ ಸುಳ್ಳು ಫಲ ಕೆಲವು ಸಂದರ್ಭಗಳಲ್ಲಿ ಶೇಕಡಾ 70ರವರೆಗೂ ಏರುತ್ತಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 108 ಜನರ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಡಲಾಯಿತು. ಯಾವ ಎರಡು ತಂಡಗಳೂ ಒಂದೇ ಹಾದಿ ಹಿಡಿಯಲಿಲ್ಲ. ಹಲವು ಪ್ರಶ್ನೆಗಳಿಗೆ ಅವರ ಉತ್ತರಗಳೂ ಹೊಂದಲಿಲ್ಲ.

ಯಂತ್ರಕ್ಕೆ ಆಯಾಸವಿಲ್ಲ, ಪಕ್ಷಪಾತವಿಲ್ಲ, ಆದುದರಿಂದ ಅದರ ತೀರ್ಪೇ ಶ್ರೇಷ್ಠವೆಂದು ವಾದಿಸುವವರಿದ್ದಾರೆ. ಆಯಾಸವಿಲ್ಲವೆಂಬುದು ನಿಜ, ಅಷ್ಟು ಲೆಕ್ಕವನ್ನು ಕೈಯಿಂದ ಮಾಡಲು ಒಂದು ಜನ್ಮ ಸಾಲದು. ಆದರೆ ಚಿತ್ರವನ್ನು ಎಷ್ಟು ನಯಗೊಳಿಸಬೇಕು, ತಲೆಯ ಅಲುಗಾಟವನ್ನು ಹೇಗೆ ಕಳೆಯಬೇಕು, ಯಾವ ಮಿತಿಯ ಮೇಲೆ ಬಣ್ಣ ಬಳಿಯಬೇಕು ಎಂಬುದನ್ನೆಲ್ಲ ನಿರ್ಧರಿಸುವವನು ಮನುಷ್ಯನೇ. ಆ ನಿರ್ಧಾರಗಳು ಬಣ್ಣದ ಹಿಂದೆ ಅಡಗಿಬಿಡುತ್ತವೆ. ಮನೋರೋಗಗಳ ಮೂಲವನ್ನು ಇಂತಹ ಚಿತ್ರಗಳಲ್ಲಿಯೇ ಅರಸುತ್ತಿರುವಾಗ ಈ ಮರೆ ಅಪಾಯಕಾರಿ. ಎಕ್ಲುಂಡರು ದೋಷವನ್ನು ಕಂಡುಹಿಡಿದದ್ದು ಅನ್ಯರು ಮುಕ್ತವಾಗಿ ಹಂಚಿಕೊಂಡಿದ್ದ ದತ್ತಾಂಶದ ನೆರವಿನಿಂದ. ಚಿತ್ರವನ್ನು ಪ್ರಕಟಿಸುವ ಪ್ರತಿಯೊಂದು ಪ್ರಯೋಗಾಲಯವೂ, ವ್ಯಕ್ತಿಗಳ ಗುರುತನ್ನು ಮರೆಮಾಡಿ, ತನ್ನ ಮೂಲ ಅಂಕಿಗಳನ್ನೂ ಲೆಕ್ಕದ ಕ್ರಮವನ್ನೂ ಜೊತೆಯಲ್ಲಿಯೇ ಪ್ರಕಟಿಸುವುದು ಕಡ್ಡಾಯವಾಗಬೇಕು.