ಹೊರಗೆ ಗಾಯವಿಲ್ಲ, ಒಳಗೆ ರಕ್ತಸ್ರಾವ: ಗುಲ್ಮ ಒಡೆದರೆ ಏನಾಗುತ್ತದೆ?

2025ರ ಅಕ್ಟೋಬರ್ 25. ಸಿಡ್ನಿಯಲ್ಲಿ ಭಾರತ–ಆಸ್ಟ್ರೇಲಿಯಾ ಏಕದಿನ ಪಂದ್ಯ. ಅಲೆಕ್ಸ್ ಕ್ಯಾರಿ ಹೊಡೆದ ಚೆಂಡನ್ನು ಹಿಂದಕ್ಕೆ ಓಡುತ್ತಾ ಹಿಡಿದ ಶ್ರೇಯಸ್ ಅಯ್ಯರ್ ನೆಲಕ್ಕೆ ಬಿದ್ದರು. ಎಡಪಕ್ಕೆಗೆ ಪೆಟ್ಟಾಯಿತು. ಸ್ಕ್ಯಾನ್ ಮಾಡಿದಾಗ ಗುಲ್ಮ ಸೀಳಿ, ಹೊಟ್ಟೆಯೊಳಗೆ ರಕ್ತ ಸೋರಿದ್ದು ಗೊತ್ತಾಯಿತು. ಬೇಗ ಪತ್ತೆಯಾದ್ದರಿಂದ ಸಣ್ಣ ಚಿಕಿತ್ಸೆಯಲ್ಲೇ ರಕ್ತಸ್ರಾವ ನಿಂತಿತು. ಒಂದು ವಾರದಲ್ಲಿ ಅವರು ಆಸ್ಪತ್ರೆಯಿಂದ ಹೊರಬಂದರು.

ಇಂಥ ಪೆಟ್ಟಿಗೆ ಕ್ರಿಕೆಟ್ ಮೈದಾನವೇ ಬೇಕಿಲ್ಲ. ಬೈಕಿನ ಹ್ಯಾಂಡಲ್ ಹೊಟ್ಟೆಗೆ ಬಡಿದರೆ, ಮರದಿಂದ ಬಿದ್ದರೆ, ದನ ಒದ್ದರೆ ಸಾಕು. ಆಗ ನಾವು ಸಾಮಾನ್ಯವಾಗಿ ಹೇಳುವುದೇನು? "ರಕ್ತ ಬಂದಿಲ್ಲವಲ್ಲ, ಏನೂ ಆಗಿಲ್ಲ. ಎಣ್ಣೆ ಹಚ್ಚಿ ಮಲಗು." ಈ ಮಾತು ಜೀವಕ್ಕೇ ಕುತ್ತು ತರಬಹುದು.

ಗುಲ್ಮ ಎಲ್ಲಿದೆ, ಏನು ಮಾಡುತ್ತದೆ?

ಗುಲ್ಮ, ಅಂದರೆ ಸ್ಪ್ಲೀನ್, ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿದೆ. ಮುಷ್ಟಿಯಷ್ಟು ಗಾತ್ರ, ಸುಮಾರು 150 ಗ್ರಾಂ ತೂಕ. ಹಳೆಯ ಕೆಂಪು ರಕ್ತಕಣಗಳನ್ನು ಸೋಸಿ ತೆಗೆಯುವುದು, ರಕ್ತದಲ್ಲಿ ಸೇರಿದ ರೋಗಾಣುಗಳನ್ನು ಹಿಡಿಯುವುದು ಇದರ ಕೆಲಸ. ಮೆದುವಾದ, ರಕ್ತ ತುಂಬಿದ ಅಂಗವಾದ್ದರಿಂದ ಪೆಟ್ಟು ಬಿದ್ದರೆ ಸುಲಭವಾಗಿ ಸೀಳುತ್ತದೆ. ಮಲೇರಿಯಾದಂಥ ಕಾಯಿಲೆಯಿಂದ ಊದಿಕೊಂಡಿದ್ದರೆ ಸಣ್ಣ ಪೆಟ್ಟಿಗೂ ಒಡೆಯಬಹುದು.

ಗುರುತಿಸುವುದು ಹೇಗೆ?

• ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಅಥವಾ ಎಡಪಕ್ಕೆಯಲ್ಲಿ ನೋವು
• ಭುಜಕ್ಕೆ ಪೆಟ್ಟಾಗದಿದ್ದರೂ ಎಡಭುಜದಲ್ಲಿ ನೋವು. ಸೋರಿದ ರಕ್ತ ವಪೆಯನ್ನು ಕೆರಳಿಸಿದಾಗ, ನರಗಳ ಸಂಪರ್ಕದಿಂದಾಗಿ ನೋವು ಭುಜದಲ್ಲಿ ಕಾಣಿಸುತ್ತದೆ
• ತಲೆಸುತ್ತು, ತಣ್ಣನೆಯ ಬೆವರು, ಬಿಳಿಚಿದ ಮುಖ, ವೇಗದ ನಾಡಿ

ಮೊದಲ ದಿನ ಆರಾಮವಾಗಿದ್ದರೂ ನಿಶ್ಚಿಂತೆ ಬೇಡ. ಕೆಲವೊಮ್ಮೆ ಗುಲ್ಮದ ಹೊದಿಕೆಯೊಳಗೇ ರಕ್ತ ಶೇಖರವಾಗಿ, ಕೆಲವು ದಿನಗಳ ನಂತರ ಒಡೆಯುತ್ತದೆ.

ತಕ್ಷಣ ಏನು ಮಾಡಬೇಕು?

108ಕ್ಕೆ ಕರೆ ಮಾಡಿ. ಮಲಗಿಸಿ. ಹೊಟ್ಟೆಯನ್ನು ತಿಕ್ಕಬೇಡಿ, ಶಾಖ ಕೊಡಬೇಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ, ನೀರು ಕೊಡಬೇಡಿ. ನೋವಿನ ಮಾತ್ರೆಯನ್ನು ನೀವೇ ಕೊಡಬೇಡಿ. ಆಸ್ಪಿರಿನ್‌ನಂಥವು ರಕ್ತಸ್ರಾವ ಹೆಚ್ಚಿಸಬಹುದು. ಸ್ಕ್ಯಾನಿಂಗ್ ಮತ್ತು ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಿ.

ಗುಲ್ಮ ತೆಗೆಯಲೇಬೇಕೇ?

ಇಲ್ಲ. ಹಿಂದೆ ಗುಲ್ಮಕ್ಕೆ ಪೆಟ್ಟಾದರೆ ತೆಗೆದುಹಾಕುವುದೇ ರೂಢಿಯಾಗಿತ್ತು. ಶಸ್ತ್ರಚಿಕಿತ್ಸೆ ಇಲ್ಲದೆಯೂ ಮಕ್ಕಳ ಗುಲ್ಮ ವಾಸಿಯಾಗಬಲ್ಲದು ಎಂದು 1968ರಲ್ಲಿ ಉಪಾಧ್ಯಾಯ ಮತ್ತು ಸಿಂಪ್ಸನ್ ಎಂಬ ವೈದ್ಯರು ಟೊರಾಂಟೊದ ಅನುಭವದಿಂದ ಬರೆದರು. ಈಗ ದೊಡ್ಡವರಲ್ಲೂ ಇದೇ ದಾರಿ. ವೈದ್ಯರು ಸಿಟಿ ಸ್ಕ್ಯಾನ್ ನೋಡಿ ಗಾಯವನ್ನು 1ರಿಂದ 5ರವರೆಗೆ ದರ್ಜೆ ಮಾಡುತ್ತಾರೆ. ಬಿಪಿ, ನಾಡಿ ಸ್ಥಿರವಾಗಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನಿಗಾ ವಹಿಸುತ್ತಾರೆ. ಬೇಕಾದರೆ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ ಸೋರಿಕೆಯನ್ನು ಮುಚ್ಚುತ್ತಾರೆ. ಬಿಪಿ ಕುಸಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ, ಶಸ್ತ್ರಚಿಕಿತ್ಸೆ ಆಗಲೇಬೇಕು.

ತೆಗೆದರೆ ಬದುಕಬಹುದೇ?

ಖಂಡಿತ. ಗುಲ್ಮದ ಎಷ್ಟೋ ಕೆಲಸವನ್ನು ಯಕೃತ್ತು ಮತ್ತಿತರ ಅಂಗಗಳು ಮಾಡಿಕೊಳ್ಳುತ್ತವೆ. ಆದರೆ ಕೆಲವು ಬ್ಯಾಕ್ಟೀರಿಯಾಗಳ ಸೋಂಕು ಗಂಟೆಗಳಲ್ಲೇ ಉಲ್ಬಣಿಸುವ ಅಪಾಯ ಜೀವನಪೂರ್ತಿ ಇರುತ್ತದೆ. ಹಾಗಾಗಿ ನ್ಯುಮೊಕಾಕಸ್, ಮೆನಿಂಜೊಕಾಕಸ್, ಹಿಬ್ ಲಸಿಕೆಗಳನ್ನು ವೈದ್ಯರು ಹೇಳಿದ ಸಮಯಕ್ಕೆ ಹಾಕಿಸಿಕೊಳ್ಳಬೇಕು. ಜ್ವರ, ಚಳಿ ಬಂದರೆ "ನಾಳೆ ನೋಡೋಣ" ಎನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಗುಲ್ಮ ಇಲ್ಲವೆಂಬ ಚೀಟಿ ಪರ್ಸಿನಲ್ಲಿರಲಿ.

ಇದನ್ನು ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾತು ಸೇರಿಸಿ: ಎಡಪಕ್ಕೆಗೆ ಜೋರಾಗಿ ಪೆಟ್ಟು ಬಿದ್ದು, ಹೊಟ್ಟೆ ಅಥವಾ ಭುಜ ನೋಯುತ್ತಿದ್ದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ.