ಆ್ಯಪ್ ಮಾಡುವವರ ಸಭೆಯಲ್ಲಿ ಅಕ್ಕಡಿ ಸಾಲಿನ ಪ್ರಶ್ನೆ

ಕಳೆದ ತಿಂಗಳು ನಾವು ಮೂವರು ಬೆಂಗಳೂರಿನಲ್ಲಿ ನಡೆದ ಮೊಬೈಲ್ ಆ್ಯಪ್ ತಯಾರಕರ ಸಮ್ಮೇಳನಕ್ಕೆ ಹೋಗಿದ್ದೆವು. ನಮ್ಮಲ್ಲಿ ಯಾರಿಗೂ ಕೋಡ್ ಬರೆಯಲು ಬರುವುದಿಲ್ಲ. ಆದರೂ ಹೋಗಲು ಕಾರಣವಿತ್ತು. ಬೆಳೆ ಸಮೀಕ್ಷೆಯಿಂದ ಹಿಡಿದು ಕರೆಂಟ್ ಬಿಲ್ ತನಕ ಊರಿನ ಕೆಲಸಗಳು ಒಂದೊಂದಾಗಿ ಆ್ಯಪ್‌ಗೆ ಹೋಗುತ್ತಿವೆ. ಇವನ್ನು ಮಾಡುವವರು ಹೇಗೆ ಯೋಚಿಸುತ್ತಾರೆ ಎಂದು ಹತ್ತಿರದಿಂದ ನೋಡಬೇಕಿತ್ತು.

ಎರಡು ದಿನ ಕೂತು ಕೇಳಿದ ಮೇಲೆ ನಮಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಆ್ಯಪ್ ಕೈಕೊಟ್ಟಾಗ ನಮ್ಮ ಜನ 'ನಮಗೆ ಬರಲ್ಲ ಬಿಡಿ' ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಬಹಳ ಸಲ ತಪ್ಪು ಅವರದಲ್ಲ. ಮಾಡುವಾಗ ಅವರನ್ನು ಯಾರೂ ಕೇಳಿರುವುದಿಲ್ಲ, ಕೆಟ್ಟಾಗ ಅವರೂ ಯಾರಿಗೂ ಹೇಳಿರುವುದಿಲ್ಲ.

ಮೊದಲ ದಿನ ಒಬ್ಬ ಹುಡುಗ ದೊಡ್ಡ ಪರದೆಯ ಮೇಲೆ ಹೊಲದ ಲೆಕ್ಕ ಇಡುವ ಆ್ಯಪ್ ತೋರಿಸಿದ. ಸರ್ವೆ ನಂಬರ್ ಹಾಕು, ಬೆಳೆ ಆರಿಸು, ಮುಗಿಯಿತು. ಒಂದು ಹೊಲಕ್ಕೆ ಒಂದೇ ಬೆಳೆ. ನಮ್ಮಲ್ಲೊಬ್ಬಳು ಎದ್ದು ಕೇಳಿದಳು: "ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಅಕ್ಕಡಿ ಸಾಲು ಹಾಕಿರುತ್ತೇವೆ. ಅದನ್ನು ಎಲ್ಲಿ ತುಂಬಬೇಕು?"

"ಅಕ್ಕಡಿ ಸಾಲು ಅಂದರೆ ಏನು ಮೇಡಂ?" ಎಂದ. ಕೆಲವರು ನಕ್ಕರು, ಆದರೆ ಅವನು ನಗಲಿಲ್ಲ. ಟೀ ಬಿಡುವಿನಲ್ಲಿ ನಮ್ಮನ್ನು ಹುಡುಕಿಕೊಂಡು ಬಂದು ಅರ್ಧ ಗಂಟೆ ಕೂತ. ಎಷ್ಟು ಸಾಲಿಗೆ ಒಂದು ಅಕ್ಕಡಿ, ಯಾವುದು ಮೊದಲು ಕೊಯ್ಲಿಗೆ ಬರುತ್ತದೆ, ಎಲ್ಲ ಬರೆದುಕೊಂಡ. ಈ ಆ್ಯಪ್ ಬಗ್ಗೆ ಹೊಲದಲ್ಲಿ ದುಡಿಯುವವರ ಜತೆ ಮಾತಾಡಿದ್ದು ಇದೇ ಮೊದಲು ಎಂದು ಒಪ್ಪಿಕೊಂಡ. ನಮಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಕೇಳುವ ಮನಸ್ಸಿತ್ತು, ಹೇಳುವವರು ಸಿಕ್ಕಿರಲಿಲ್ಲ.

ಎರಡನೆಯ ಪಾಠ ನೆಟ್‌ವರ್ಕ್‌ನದು. ಸಿಗ್ನಲ್ ಇಲ್ಲದೆ ವಾಟ್ಸ್ಆ್ಯಪ್ ಮೆಸೇಜ್ ಕಳಿಸಿದರೆ ಪಕ್ಕದಲ್ಲಿ ಪುಟ್ಟ ಗಡಿಯಾರ ಕಾಣುತ್ತದಲ್ಲ? ಮೆಸೇಜ್ ಫೋನ್‌ನಲ್ಲೇ ಕಾದಿದ್ದು, ಸಿಗ್ನಲ್ ಬಂದೊಡನೆ ತಾನೇ ಹೋಗುತ್ತದೆ. ಅರ್ಜಿ ತುಂಬುವ ಆ್ಯಪ್‌ಗಳನ್ನೂ ಹೀಗೇ ಮಾಡಬಹುದು. ನಾಲ್ಕೈದು ಎಂಬಿ ಇರುವ ಫೋಟೊವನ್ನು ಫೋನ್‌ನಲ್ಲೇ ಕುಗ್ಗಿಸಿ ಕಳಿಸಬಹುದು. ಬೇಕೆಂದೇ ನೆಟ್ ನಿಧಾನ ಮಾಡಿ ಪರೀಕ್ಷಿಸುವ ಸಲಕರಣೆಗಳೂ ಅವರ ಬಳಿ ಇವೆ. ಅಂದರೆ ಗುಡ್ಡ ಹತ್ತಿ ಸಿಗ್ನಲ್ ಹುಡುಕುವುದು ನಮ್ಮ ಹಣೆಬರಹವಲ್ಲ. ಯಾರೋ ಮಾಡಬಹುದಾದ ಕೆಲಸವನ್ನು ಮಾಡಿಲ್ಲ, ಅಷ್ಟೇ.

ಕನ್ನಡದ ಕಥೆಯೂ ಅದೇ. ಇಂಗ್ಲಿಷ್‌ಗೆ ಅಳತೆ ಮಾಡಿದ ಬಟನ್ನಿನಲ್ಲಿ ಕನ್ನಡ ತುರುಕಿದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಮುಖಪುಟಕ್ಕೆ ಹೋಗುವ 'ಹೋಮ್' ಎಂಬುದು 'ಮನೆ' ಆಗಿಬಿಡುತ್ತದೆ. ಕನ್ನಡ ಓದುವ ಒಬ್ಬರು ಒಂದು ಸಲ ನೋಡಿದ್ದರೆ ಸಾಕಿತ್ತು.

ಇದರಲ್ಲಿ ಏನು ಹೋಗುತ್ತದೆ ಎಂದರೆ, ದುಡ್ಡು ಹೋಗುತ್ತದೆ. ನಮ್ಮ ರಾಜ್ಯದಲ್ಲಿ 2020ರಿಂದ ರೈತರೇ ಹೊಲದ ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹಾಕುವ ಅವಕಾಶವಿದೆ. ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿಗೆ ಈ ಮಾಹಿತಿಯನ್ನು ನೋಡುತ್ತಾರೆ. ಫೋನ್‌ನಲ್ಲಿ ಒಂದು ಬೆಳೆ, ಹೊಲದಲ್ಲಿ ಇನ್ನೊಂದು ಬೆಳೆ ಎಂದಾದರೆ ಅಲೆದಾಡುವವರು ರೈತರೇ. ಸಮೀಕ್ಷೆಯಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ತಾವೇ ಮಾಡಲು ಆಗದವರ ಹೊಲಕ್ಕೆ ಊರಿನ ಯುವಕರು ಹೋಗಿ ವಿವರ ತುಂಬುತ್ತಾರೆ. ಸರ್ಕಾರದ ಪ್ರತಿ ಆ್ಯಪ್‌ನ ಹಿಂದೆಯೂ ಹೀಗೆ ಒಬ್ಬ ಮನುಷ್ಯ ಇರಬೇಕು. ಇಲ್ಲವೇ ಕಾಗದದ ಅರ್ಜಿಯ ದಾರಿ ತೆರೆದಿರಬೇಕು. ಇದು ನಮ್ಮ ಒತ್ತಾಯ.

ಈಗ ನಮ್ಮ ತಪ್ಪಿಗೆ ಬರೋಣ. ಹೊಸ ಆ್ಯಪ್ ಬಿಡುಗಡೆಯಾದಾಗ ಬಂದ ಪ್ರಕಟಣೆಯನ್ನೇ ನಾವು ಎಷ್ಟೋ ಸಲ ಸುದ್ದಿ ಮಾಡಿದ್ದೇವೆ. 'ರೈತರಿಗೆ ವರದಾನ' ಎಂಬ ತಲೆಬರಹವನ್ನೂ ಕೊಟ್ಟಿದ್ದೇವೆ. ಹಳೇ ಫೋನ್‌ನಲ್ಲಿ, ಹೊಲದಲ್ಲಿ ನಿಂತು, ಒಂದು ಅರ್ಜಿಯನ್ನಾದರೂ ತುಂಬಿ ನೋಡಿರಲಿಲ್ಲ. ಇನ್ನು ಮುಂದೆ ತುಂಬಿ ನೋಡಿಯೇ ಬರೆಯುತ್ತೇವೆ.

ನೀವೂ ಒಂದು ಕೆಲಸ ಮಾಡಬಹುದು. ಆ್ಯಪ್ ಸರಿಯಿಲ್ಲ ಎಂದು ನಾವು ಸುಮ್ಮನೆ ಅಳಿಸಿಬಿಡುತ್ತೇವೆ. ಮಾಡಿದವರಿಗೆ ಅಳಿಸಿದವರ ಲೆಕ್ಕವಷ್ಟೇ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಎರಡು ಸಾಲು ಅಭಿಪ್ರಾಯ ಬರೆದರೆ, ನಿಮ್ಮ ಫೋನ್ ಯಾವ ಮಾಡೆಲ್ ಎಂಬುದೂ ಅವರಿಗೆ ತಿಳಿಯುತ್ತದೆ. ಕನ್ನಡದಲ್ಲೇ ಬರೆಯಿರಿ, ಅನುವಾದ ಅವರಿಗೆ ಸಿಗುತ್ತದೆ. 'ಕೆಟ್ಟ ಆ್ಯಪ್' ಎಂದಷ್ಟೇ ಬರೆದು ಬಿಡಬೇಡಿ. 'ಫೋಟೊ ಹಾಕಿದ ಮೇಲೆ ಮುಂದಕ್ಕೆ ಹೋಗುತ್ತಿಲ್ಲ' ಎಂದು ಬರೆಯಿರಿ. ಅಲ್ಲಿ ನಿಮ್ಮ ಹೆಸರು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಆಧಾರ್ ನಂಬರು, ಫೋನ್ ನಂಬರು ಹಾಕಬೇಡಿ.

ಇನ್ನೊಂದು ಮಾತು. ಮಳೆ ಸುದ್ದಿ ಹೇಳುವ ಆ್ಯಪ್‌ಗೆ ನಿಮ್ಮ ಫೋನ್‌ನಲ್ಲಿರುವ ನೆಂಟರ ನಂಬರುಗಳು ಬೇಕಿಲ್ಲ. ಕೇಳಿದರೆ 'ಬೇಡ' ಒತ್ತಿ. ನಿಮ್ಮ ಮಾಹಿತಿ ಯಾಕೆ ಬೇಕು ಎನ್ನುವುದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆ ಕೊಡಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಹೇಳುತ್ತದೆ. ಅದರಲ್ಲಿ ಕನ್ನಡವೂ ಇದೆ. ಕಾಯ್ದೆ ಇದೆ ಎಂದಮೇಲೆ ಕೇಳುವುದಕ್ಕೆ ಸಂಕೋಚ ಬೇಡ.

ಸಮ್ಮೇಳನದಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ಬರೆದುಕೊಳ್ಳುವವನು ಒಬ್ಬ ಸಿಕ್ಕ. ನಿಮ್ಮೂರಿನಲ್ಲಿ ಯಾವ ಆ್ಯಪ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ನಮಗೂ ಬರೆಯಿರಿ. ಮುಂದಿನ ಸಲ ಅಂಥ ಸಭೆಗೆ ಹೋಗುವಾಗ ಆ ಪಟ್ಟಿ ಹಿಡಿದುಕೊಂಡೇ ಹೋಗುತ್ತೇವೆ.